ಸರಪಳಿ ಹಿಡಿದವರ ನಡತೆ



ಈ ಹೊತ್ತು ಬಿತ್ತನೆ ಗೊಬ್ಬರದ ಮಾತು ಬದಿಗಿಟ್ಟು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ನಾನು ಕೃಷಿ ಇಲಾಖೆಯವನು, ಸರ್ವೆ ಇಲಾಖೆಯವನಲ್ಲ. ಆದರೂ ರಾಗಿ ತಳಿಯ ವಿಚಾರ ಹೇಳೋಣವೆಂದು ಹಳ್ಳಿಗೆ ಹೋದರೆ, ಹತ್ತು ಜನ ಸೇರಿದ ಕಡೆ ಒಬ್ಬರಾದರೂ ನನ್ನನ್ನು ಪಕ್ಕಕ್ಕೆ ಕರೆದು, “ಸ್ವಾಮಿ, ನಮ್ಮದೊಂದು ಬದುವಿನ ತಕರಾರಿದೆ” ಎಂದು ಶುರು ಮಾಡುತ್ತಾರೆ. ಬದುವೇ ಯಾರದೆಂದು ಗೊತ್ತಿಲ್ಲದವನಿಗೆ, ಬದುವಿನ ಮೇಲೆ ಹುಲ್ಲು ಬೆಳೆಸು, ಮಣ್ಣು ಕೊಚ್ಚಿ ಹೋಗದಂತೆ ನೋಡಿಕೋ ಎಂದು ಹೇಳಿ ಏನು ಫಲ? ಅವನು ಇತ್ತ ಹುಲ್ಲು ನೆಟ್ಟರೆ ಅತ್ತಲವನು ಕಿತ್ತು ಹಾಕುತ್ತಾನೆ. ಹೀಗಾಗಿ ಅಳತೆಯ ವಿಷಯ ನನ್ನ ಕೆಲಸದೊಳಕ್ಕೂ ಕಾಲಿಟ್ಟಿತು.

ಸರ್ವೆಯವರು ಎಂದ ಕೂಡಲೇ ನಮ್ಮ ಜನ ಎರಡು ಮಾತು ಆಡುತ್ತಾರೆ. “ಅವರು ಮನಸ್ಸು ಮಾಡಿದರೆ ಜಮೀನು ಹೆಚ್ಚು ಮಾಡಿಯಾರು” ಎಂಬುದು ಒಂದು. “ಕೈ ಬಿಸಿ ಮಾಡದೆ ಅವರು ಸರಪಳಿ ಬಿಚ್ಚುವುದಿಲ್ಲ” ಎಂಬುದು ಇನ್ನೊಂದು. ಮೊದಲನೆಯ ಮಾತು ತಿಳಿಗೇಡಿತನ. ಎರಡನೆಯದು ಕೆಲವರ ವಿಷಯದಲ್ಲಿ ನಿಜ, ಕೆಲವರ ವಿಷಯದಲ್ಲಿ ಶುದ್ಧ ಸುಳ್ಳು. ಯಾರು ಎಂಥವರು ಎಂದು ಹೊಲದಲ್ಲಿ ನಿಂತೇ ತಿಳಿದುಕೊಳ್ಳಬಹುದು. ಅದಕ್ಕೆ ಮೊದಲು ಅವರ ಕೆಲಸ ಏನೆಂಬುದು ನಮಗೆ ಗೊತ್ತಿರಬೇಕು.

ಹಳೆಯ ಮೈಸೂರು ಸೀಮೆಯಲ್ಲಿ ಕ್ರಮವಾದ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಧಾರವಾಡ, ಬೆಳಗಾವಿ ಕಡೆ ಮುಂಬಯಿ ಆಧಿಪತ್ಯದವರು ಅದಕ್ಕೂ ಮೊದಲೇ ಅಳೆಸಿದ್ದರು. ಆ ಕಾಲದವರು ಒಂದೊಂದು ಹೊಲಕ್ಕೂ ನಂಬರು ಕೊಟ್ಟು, ಮೂಲೆ ಮೂಲೆಗೆ ಕಲ್ಲು ನೆಟ್ಟು, ಒಂದು ಕಲ್ಲಿಂದ ಇನ್ನೊಂದಕ್ಕೆ ಎಷ್ಟು ದೂರ ಎಂಬುದನ್ನು ಬರೆದಿಟ್ಟರು. ಹೀಗೆ ಬರೆದ ಹಾಳೆಗೆ ಟಿಪ್ಪಣಿ ಎಂದು ಹೆಸರು. ನಂಬರಿನ ಒಟ್ಟು ವಿಸ್ತೀರ್ಣವೆಷ್ಟು, ಅದರಲ್ಲಿ ಖರಾಬು ಎಷ್ಟು, ಕಂದಾಯವೆಷ್ಟು ಎಂಬುದು ಆಕಾರ್‌ಬಂದಿನಲ್ಲಿರುತ್ತದೆ. ಈಗ ಹದ್ದುಬಸ್ತಿಗೆಂದು ಬರುವ ಭೂಮಾಪಕರು ನಿಮಗೆ ಹೊಸದಾಗಿ ಜಮೀನು ಕೊಡುವವರೂ ಅಲ್ಲ, ಇದ್ದದ್ದನ್ನು ಕಿತ್ತುಕೊಳ್ಳುವವರೂ ಅಲ್ಲ. ಅಂದು ನೆಟ್ಟ ಕಲ್ಲು ಎಲ್ಲಿತ್ತು ಎಂಬುದನ್ನು ಹುಡುಕಿ ತೋರಿಸುವುದಷ್ಟೇ ಅವರ ಕೆಲಸ. ಆ ಜಾಗದಲ್ಲಿ ಈಗ ಯಾರು ಉಳುತ್ತಿದ್ದಾರೆ ಎಂಬುದನ್ನು ಕಂಡಂತೆ ಬರೆಯಬೇಕು. ಅದರ ಹಕ್ಕು ಯಾರದು ಎಂದು ತೀರ್ಮಾನ ಕೊಡಲು ಅವರಿಗೆ ಅಧಿಕಾರವಿಲ್ಲ. ಅದು ಸಿವಿಲ್ ನ್ಯಾಯಾಲಯಕ್ಕೆ ಸೇರಿದ ಮಾತು. “ನಿಮ್ಮ ಪರವಾಗಿ ಮಾಡಿಕೊಡ್ತೀನಿ” ಎಂದು ಒಬ್ಬ ಭೂಮಾಪಕ ನಿಮ್ಮ ಕಿವಿಯಲ್ಲಿ ಹೇಳಿದರೆ ಖುಷಿಪಡಬೇಡಿ. ನಾಳೆ ಪಕ್ಕದವನ ಕಿವಿಯಲ್ಲಿಯೂ ಅದನ್ನೇ ಹೇಳಲು ಅವನಿಗೆ ನಾಲಗೆ ಉಂಟು.

ಲೆಕ್ಕ ಸ್ವಲ್ಪ ತಿಳಿದಿರಲಿ, ಮುಂದೆ ಬೇಕಾಗುತ್ತದೆ. ಒಂದು ಸರಪಳಿ ಎಂದರೆ 33 ಅಡಿ. ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಅದೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ.

ಈಗ ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. 1999ರ ಬೇಸಿಗೆ. ನಾನಾಗ ಐದನೆಯ ತರಗತಿ ಮುಗಿಸಿದ್ದೆ. ನಮ್ಮ ಹೊಲಕ್ಕೂ ಪಕ್ಕದ ಹೊಲಕ್ಕೂ ನಡುವೆ ಇದ್ದ ಬದು, ವರ್ಷ ವರ್ಷ ಒಂದೊಂದು ನೇಗಿಲ ಸಾಲು ತಿಂದು ತಿಂದು ಕಡ್ಡಿಯಷ್ಟಾಗಿತ್ತು. ತಿಂದವರು ಯಾರೆಂದು ಕೇಳಿದರೆ ಎರಡು ಕಡೆಯವರೂ ಎದುರಿನವರನ್ನು ತೋರಿಸುತ್ತಿದ್ದರು. ಪಕ್ಕದ ಹೊಲದವರು ನೆಂಟರಲ್ಲದಿದ್ದರೂ ಅವರನ್ನು ನಾವು ಮಾವ ಅಂತಲೇ ಕರೆಯುತ್ತಿದ್ದದ್ದು. ಮಾತು ಬೆಳೆದು, ಎರಡು ಮನೆಗೂ ಮಜ್ಜಿಗೆ ಕೊಡುವುದು ತರುವುದು ನಿಂತುಹೋಯಿತು. ನಮ್ಮಪ್ಪ ಅಳತೆಗೆ ಅರ್ಜಿ ಹಾಕಿದರು.

ಬಂದ ಭೂಮಾಪಕರು ಹೊಸಬರು, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಮಾವನಿಗೂ ಮೊದಲೇ ನೋಟಿಸು ಕಳಿಸಿದ್ದರು. ನಮ್ಮಪ್ಪ ಬಸ್ ನಿಲ್ದಾಣಕ್ಕೆ ಗಾಡಿ ಕಳಿಸಿದರೆ ಹತ್ತಲಿಲ್ಲ, ನಡೆದೇ ಬಂದರು. ನಮ್ಮವ್ವ ಕೋಳಿ ಸಾರು ಮಾಡಿಟ್ಟಿದ್ದರೆ, “ತಾಯಿ, ಬುತ್ತಿ ತಂದಿದ್ದೇನೆ, ನೀರು ಕೊಡಿ ಸಾಕು” ಎಂದು ಹುಣಸೆ ಮರದ ನೆರಳಲ್ಲಿ ಒಬ್ಬರೇ ಕೂತು ಉಂಡರು. ನಮ್ಮವ್ವನಿಗೆ ಸಿಟ್ಟು ಬಂತು. ಮನೆಗೆ ಬಂದವರು ಉಣ್ಣದೆ ಹೋದರೆ ಯಾವ ಹೆಂಗಸಿಗೆ ಬೇಸರವಾಗುವುದಿಲ್ಲ, ಹೇಳಿ. ಸಾಯಂಕಾಲ ಕಲ್ಲು ನೆಟ್ಟಾದ ಮೇಲೆ ನಮ್ಮಪ್ಪ ಕಾಗದದಲ್ಲಿ ಸುತ್ತಿದ ಒಂದಿಷ್ಟು ಹಣ ಮುಂದೆ ಹಿಡಿದರು. ಅದನ್ನೂ ಅವರು ಮುಟ್ಟಲಿಲ್ಲ. ಹೊಸ ಕಲ್ಲು ಮಾವನ ಹೊಲದೊಳಕ್ಕೆ ಹೋಗಿತ್ತು. ದಕ್ಷಿಣದ ಕೊನೆಯಲ್ಲಿ ಹಳೆಯ ಕಲ್ಲು ಇದ್ದ ಹಾಗೇ ಇತ್ತು. ಉತ್ತರದ ಕೊನೆಯಲ್ಲಿ ಎಲ್ಲೆ ಹತ್ತು ಅಡಿ ಆ ಕಡೆಗೆ ಸರಿದು, ಒಂದು ಕಾಯಿ ಬಿಡುವ ಹಲಸಿನ ಮರ ನಮ್ಮದಾಯಿತು. ಮಾವ ಮಾತಾಡದೆ ಮಹಜರಿಗೆ ಸಹಿ ಹಾಕಿ ಎದ್ದು ಹೋದರು. ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾಲ್ಕು ದಿನ ಕಳೆದು ಅದೇ ಭೂಮಾಪಕರು ಮತ್ತೆ ಊರಿಗೆ ಬಂದರು. ಯಾರೂ ಕರೆದಿರಲಿಲ್ಲ, ಯಾರೂ ತಕರಾರು ಕೊಟ್ಟಿರಲಿಲ್ಲ. ನಮ್ಮ ಮನೆಗೆ ಒಬ್ಬರೇ ಬರದೆ ಮಾವನನ್ನೂ ಜೊತೆಗೆ ಕರೆತಂದು, ಜಗಲಿಯ ಮೇಲೆ ಕೂತು ಪುಸ್ತಕ ಬಿಚ್ಚಿದರು. “ನನ್ನ ಲೆಕ್ಕ ತಪ್ಪಿದೆ. ಮೇಲಿನವರಿಗೆ ಬರೆದು ಕೊಟ್ಟು ಬಂದಿದ್ದೇನೆ. ಕಲ್ಲು ಕಿತ್ತು ಸರಿಯಾದ ಕಡೆ ನೆಡಬೇಕು” ಎಂದರು.

ನಮ್ಮಪ್ಪ ಕೆಂಡವಾದರು. “ಸಹಿ ಆಗಿದೆ, ಕಲ್ಲು ನೆಟ್ಟಾಗಿದೆ. ಈಗ ಬಂದು ಹೀಗಂದರೆ ಏನು ಸ್ವಾಮಿ? ಅವರೇನಾದರೂ ಕೊಟ್ಟರಾ?” ಎಂದು ಕೇಳಿಯೇಬಿಟ್ಟರು. ಭೂಮಾಪಕರು ಸಿಟ್ಟಾಗಲಿಲ್ಲ. ಟಿಪ್ಪಣಿಯ ನಕಲು ತೋರಿಸಿ ನನ್ನನ್ನು ಕರೆದು, “ಇಲ್ಲಿ ಏನು ಬರೆದಿದೆ ಓದು ಮಗು” ಎಂದರು. 5 ಸರಪಳಿ 8 ಆಣೆ ಎಂದಿತ್ತು. ಅವರು ಪಟ್ಟಿಯಲ್ಲಿ ಅಡಿ ಲೆಕ್ಕ ಹಿಡಿಯುವಾಗ ಅದನ್ನು 5.8 ಎಂದು ತಿಳಿದು 33ರಿಂದ ಗುಣಿಸಿದ್ದರು. 191 ಅಡಿ ಚಿಲ್ಲರೆ ಬಂದಿತ್ತು. “ಆಣೆ ಎಂದರೆ ಎಷ್ಟರಲ್ಲಿ ಒಂದು ಪಾಲು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದ ನಮ್ಮ ತಾತ ಬಾಯಿ ಬಿಟ್ಟರು: “ಹದಿನಾರಾಣೆಗೆ ಒಂದು ರೂಪಾಯಿ ಕಣಯ್ಯಾ. ಎಂಟಾಣೆ ಅಂದ್ರೆ ಅರ್ಧ.” ಅಂದರೆ ಐದೂವರೆ ಸರಪಳಿ, 181 ಅಡಿ 6 ಅಂಗುಲ. ಸುಮಾರು ಹತ್ತು ಅಡಿ ಹೆಚ್ಚಾಗಿ ಅಳೆದಿದ್ದರು. ಎಲ್ಲೆಯ ಉದ್ದ ಹತ್ತು ಸರಪಳಿ. ಒಂದು ಕೊನೆಯಲ್ಲಿ ಸೊನ್ನೆ, ಇನ್ನೊಂದು ಕೊನೆಯಲ್ಲಿ ಹತ್ತು ಅಡಿ. ಹೀಗೆ ಕಮ್ಮಿ ಕಮ್ಮಿ ಎಂದರೂ ಒಂದೂವರೆ ಗುಂಟೆ ಮಾವನದು ನಮಗೆ ಬಂದಿತ್ತು.

ತಾತ ಹೇಳಿದ ಮೇಲೆ ನಮ್ಮಪ್ಪನಿಗೆ ಎದುರಾಡಲು ಬಾಯಿರಲಿಲ್ಲ. ಕಲ್ಲು ಕಿತ್ತರು, ಸರಿಯಾದ ಜಾಗದಲ್ಲಿ ನೆಟ್ಟರು, ಹೊಸದಾಗಿ ಮಹಜರು ಬರೆದರು. ಮರ ಮಾವನ ಕಡೆಗೇ ಹೋಯಿತು. ಆ ವರ್ಷ ಅದರ ಮೊದಲ ಹಣ್ಣನ್ನು ಮಾವನ ಮನೆಯವರು ಹೊತ್ತು ತಂದು ನಮ್ಮ ಜಗಲಿಯ ಮೇಲೆ ಇಟ್ಟು ಹೋದರು. ನಮ್ಮಪ್ಪ ಆ ದಿನ ತಿನ್ನಲಿಲ್ಲ, ಮರುದಿನ ತಿಂದರು.

ಈ ಸಂಗತಿಯನ್ನು ನಾನು ಬೆಳೆದ ಮೇಲೆ ಬಹಳ ಸಲ ಯೋಚಿಸಿದ್ದೇನೆ. ಅಂದು ಸಂಜೆ ಆ ಭೂಮಾಪಕರು ನಮ್ಮಪ್ಪನ ಕಾಗದದ ಪೊಟ್ಟಣ ತೆಗೆದುಕೊಂಡಿದ್ದರೆ ಏನಾಗುತ್ತಿತ್ತು? ತಪ್ಪು ಆಗಲೂ ಕೈತಪ್ಪಿ ಆದ ತಪ್ಪೇ. ಆದರೆ ರಾತ್ರಿ ಲೆಕ್ಕ ಮಾಡಿ ತಪ್ಪು ಕಂಡರೂ ಅವರು ವಾಪಸು ಬರುವಂತಿರಲಿಲ್ಲ. ಬಂದರೆ ನಮ್ಮಪ್ಪ, “ಕೊಟ್ಟದ್ದು ಎಲ್ಲಿ?” ಎನ್ನುತ್ತಿದ್ದರು, ಮಾವ, “ದುಡ್ಡು ತಿಂದು ಮಾಡಿದ್ದು” ಎನ್ನುತ್ತಿದ್ದರು. ಲಂಚ ತಿಂದವನು ಬೇಕೆಂದು ಮಾಡಿದ ಮೋಸವನ್ನಷ್ಟೇ ಅಲ್ಲ, ಅರಿಯದೆ ಮಾಡಿದ ತಪ್ಪನ್ನೂ ಒಪ್ಪಿಕೊಳ್ಳಲಾರ. ಅಳತೆಯ ಕೆಲಸದಲ್ಲಿ ತಪ್ಪು ಎಂಥವರಿಗೂ ಆಗುತ್ತದೆ. ತಪ್ಪನ್ನು ತಿದ್ದಲು ಕೈಯೂ ಬಾಯಿಯೂ ಬಿಡುವಾಗಿ ಇರಬೇಕು. ನಮ್ಮ ಮನೆಯಲ್ಲಿ ಉಣ್ಣಲೂ ಒಲ್ಲದಿದ್ದವರ ಮೇಲೆ ಅವ್ವನಿಗೆ ಬಂದ ಸಿಟ್ಟು ಆ ಮೇಲೆ ಇಳಿಯಿತು.

ತಪ್ಪು ಎಷ್ಟು ಸುಲಭವಾಗಿ ನುಸುಳುತ್ತದೆ ಎಂಬುದಕ್ಕೆ ಇನ್ನೊಂದೆರಡು ಲೆಕ್ಕ ಕೇಳಿ. ಕಬ್ಬಿಣದ ಸರಪಳಿ ಎಳೆದು ಎಳೆದು ಸವೆದರೆ ಉದ್ದವಾಗುತ್ತದೆ. 33 ಅಡಿಯ ಸರಪಳಿ ಅರ್ಧ ಅಡಿ ಬೆಳೆದಿದೆ ಎನ್ನಿ. ಅದರಿಂದ 330 ಅಡಿ ಉದ್ದ, 330 ಅಡಿ ಅಗಲದ ಹೊಲ ಅಳೆದರೆ, ನೂರು ಗುಂಟೆ ಇರಬೇಕಾದದ್ದು ಕಾಗದದಲ್ಲಿ 97 ಗುಂಟೆ ಬರುತ್ತದೆ. ಯಾರೂ ಮೋಸ ಮಾಡಿಲ್ಲ. ಮೂರು ಗುಂಟೆ ಮಾಯ! ಸರಪಳಿ ಜೋತು ಬಿದ್ದಿದ್ದರೆ ಇದಕ್ಕೆ ತಿರುಗುಮುರುಗು, ಹೆಚ್ಚು ಬರುತ್ತದೆ. ಇಳಿಜಾರಿನ ಹೊಲದಲ್ಲಿ ನೆಲಕ್ಕೆ ಒರಗಿಸಿ ಅಳೆದರೂ ಹೆಚ್ಚು ಬರುತ್ತದೆ. ನಾಲ್ಕು ಅಡಿಗೆ ಒಂದು ಅಡಿ ಏರುವ ನೆಲದಲ್ಲಿ, ನೆಲಕ್ಕೆ ತಾಗಿಸಿ ಅಳೆದ ನೂರು ಅಡಿ ನಿಜವಾಗಿ 97 ಅಡಿಯೇ. ಬಲ್ಲವರು ಅಲ್ಲಿ ಸರಪಳಿಯನ್ನು ಮಟ್ಟಸವಾಗಿ ಎತ್ತಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಅಳೆದು ಬರುತ್ತಾರೆ. ಮಲೆನಾಡಿನ ಅಡಿಕೆ ತೋಟದವರು ಇದನ್ನು ಗಮನವಿಟ್ಟು ನೋಡಬೇಕು.

ಈಗ ಪಟ್ಟಿ, ಸರಪಳಿಯ ಬದಲು ರೋವರ್ ಎಂಬ ಯಂತ್ರ ಬಂದಿದೆ. ಆಕಾಶದಲ್ಲಿರುವ ಉಪಗ್ರಹಗಳ ಸಂಕೇತ ಹಿಡಿದು, ನಿಂತ ಜಾಗ ಯಾವುದೆಂದು ಅಂಗುಲದ ಲೆಕ್ಕದಲ್ಲಿ ಹೇಳುತ್ತದೆ. ಒಳ್ಳೆಯದೇ. ಕೆಲಸ ಬೇಗ ಆಗುತ್ತದೆ, ಸರಪಳಿ ಸವೆಯುವ ತಂಟೆಯಿಲ್ಲ. ಆದರೆ ಒಂದು ಮಾತು: ಕೋಲು ಊರಿದ ಜಾಗ ಎಲ್ಲಿದೆ ಎಂಬುದನ್ನು ಯಂತ್ರ ಹೇಳುತ್ತದೆಯೇ ಹೊರತು, ಕೋಲನ್ನು ಎಲ್ಲಿ ಊರಬೇಕು ಎಂಬುದನ್ನು ಹೇಳುವುದಿಲ್ಲ. ಹಳೆಯ ಕಲ್ಲು ಹುಡುಕದೆ, ಟಿಪ್ಪಣಿ ಬಿಚ್ಚದೆ, ಇರುವ ಬದುವಿನ ಮೇಲೆ ಯಂತ್ರ ಹಿಡಿದು ಓಡಾಡಿ ಹೋದರೆ ಒತ್ತುವರಿಯ ಬದುವೇ ಬಹು ನಿಖರವಾಗಿ ನಕ್ಷೆಗೆ ಏರುತ್ತದೆ! ಇನ್ನು ನಿಮ್ಮ ಮಕ್ಕಳು ಫೋನಿನಲ್ಲಿ ದಿಶಾಂಕ್ ತೆರೆದು, “ನೋಡಪ್ಪಾ, ನಮ್ಮ ಎಲ್ಲೆ ಅವರ ಮನೆಯೊಳಗಿದೆ” ಎಂದು ತೋರಿಸಿದರೆ ಕುಡಗೋಲು ತೆಗೆದುಕೊಂಡು ಹೊರಡಬೇಡಿ. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಎಂದು ತಿಳಿಯಲು ಅದು ಅನುಕೂಲ. ಎಲ್ಲೆ ಗುರುತಿಸಲು ಅಲ್ಲ. ಫೋನಿನ ಲೆಕ್ಕ ಹಲವು ಅಡಿ ಆಚೀಚೆ ಆಗುವುದು ಮಾಮೂಲು.

ಹಾಗಾದರೆ ನೇರ ನಡತೆಯ ಭೂಮಾಪಕರು ಹೊಲದಲ್ಲಿ ಹೇಗಿರುತ್ತಾರೆ? ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಮುಟ್ಟಿದೆಯೇ ಎಂದು ನೋಡದೆ ಅವರು ಕೆಲಸ ಶುರು ಮಾಡುವುದಿಲ್ಲ. ಒಂದೇ ಕಲ್ಲನ್ನು ನಂಬಿ ಅಳೆಯುವುದಿಲ್ಲ. ಆ ಕಲ್ಲೂ ಯಾರೋ ಕಿತ್ತು ನೆಟ್ಟದ್ದಿರಬಹುದು. ಎರಡು ಮೂರು ಹಳೆಯ ಕಲ್ಲು ಹುಡುಕಿ, ಅವುಗಳ ನಡುವಿನ ದೂರ ಟಿಪ್ಪಣಿಗೆ ತಾಳೆಯಾಗುತ್ತದೆಯೇ ನೋಡುತ್ತಾರೆ. ಮಾತಾಡುವುದು ಎರಡು ಕಡೆಯವರ ಎದುರಿಗೇ. ಒಬ್ಬರನ್ನು ಮರದ ಹಿಂದಕ್ಕೆ ಕರೆದೊಯ್ದು ಅಲ್ಲ. ನೆಲದಲ್ಲಿ ಕಂಡದ್ದು ದಾಖಲೆಗೆ ಹೊಂದದಿದ್ದರೆ, ಹೊಂದುತ್ತಿಲ್ಲ ಎಂದೇ ಬರೆಯುತ್ತಾರೆ. ಹಳ್ಳ, ದಾರಿ, ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟ ‘ಬ’ ಖರಾಬನ್ನು ಯಾರದೋ ಸಾಗುವಳಿಗೆ ಸೇರಿಸಿ ಲೆಕ್ಕ ಸರಿತೂಗಿಸುವುದಿಲ್ಲ. ಮಹಜರನ್ನು ಬರೆದು, ಓದಿ ಹೇಳಿ, ಆಮೇಲೆ ಸಹಿ ಹಾಕಿಸುತ್ತಾರೆ. ತಮ್ಮ ನೆಂಟರ ಜಮೀನಿನ ಅಳತೆ ಬಂದರೆ ಬೇರೆಯವರಿಗೆ ಕೊಡಿ ಎಂದು ಕೇಳಿಕೊಳ್ಳುತ್ತಾರೆ.

ಇಲಾಖೆಯ ನೌಕರರಲ್ಲದೆ ಸರಕಾರದ ಪರವಾನಗಿ ಪಡೆದ ಭೂಮಾಪಕರೂ ಇದ್ದಾರೆ. ಜಮೀನಿನಲ್ಲಿ ಒಂದು ಭಾಗ ಮಾರುವಾಗ, ಅಣ್ಣ ತಮ್ಮಂದಿರು ಪಾಲಾಗುವಾಗ ಬೇಕಾಗುವ 11-ಇ ನಕ್ಷೆಯನ್ನು ಹೆಚ್ಚಾಗಿ ಇವರು ಮಾಡಿಕೊಡುತ್ತಾರೆ. ಇವರಿಗೆ ಸಂಬಳವಿಲ್ಲ, ಮಾಡಿದ ಕೆಲಸಕ್ಕೆ ಸಂಭಾವನೆ. ಕಡತ ಎಷ್ಟು ಬೇಗ ಮುಗಿದರೆ ಅಷ್ಟು ಲಾಭವೆಂಬ ಆಸೆ ಇಲ್ಲಿ ಹುಟ್ಟಿಕೊಳ್ಳುತ್ತದೆ. ನಾನು ಓಡಾಡುವ ಸೀಮೆಯಲ್ಲಿ ಹೀಗೊಂದು ನಡೆಯಿತು. ಹೊಲಕ್ಕೆ ಕಾಲಿಡದೆ, ಪೇಟೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಗೆರೆ ಎಳೆದು ನಕ್ಷೆ ಕೊಟ್ಟರು. ಅಣ್ಣ ತಮ್ಮ ಇಬ್ಬರಿಗೂ ಸಮಪಾಲು, ಕಾಗದದಲ್ಲಿ ಬಲು ಅಂದ. ಮಳೆ ಬಂದು ಬಿತ್ತಲು ಹೋದಾಗ ನೋಡಿದರೆ, ತಮ್ಮ ಸಾಲ ಮಾಡಿ ಕೊರೆಸಿದ ಕೊಳವೆ ಬಾವಿ ಅಣ್ಣನ ಪಾಲಿನಲ್ಲಿ! ಆ ಒಂದು ಗೆರೆಗಾಗಿ ಎರಡು ಮನೆಯ ಹೆಂಗಸರು ಇವತ್ತಿಗೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯುವುದಿಲ್ಲ. ಆದ್ದರಿಂದ ನಕ್ಷೆಗೆ ಸಹಿ ಹಾಕುವ ಮೊದಲು ಬಾವಿ, ಮರ, ದಾರಿ, ಮನೆ ಎಲ್ಲವೂ ಅದರಲ್ಲಿ ಎಲ್ಲಿವೆ ಎಂದು ಬೆರಳಿಟ್ಟು ತೋರಿಸಲು ಕೇಳಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗುವನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ಖಾಲಿ ಕಾಗದಕ್ಕೆ, “ಆಮೇಲೆ ತುಂಬಿಕೊಳ್ತೀವಿ” ಎನ್ನುವ ಮಹಜರಿಗೆ, ಸಹಿಯೂ ಬೇಡ, ಹೆಬ್ಬೆಟ್ಟೂ ಬೇಡ.

ನಮ್ಮ ಕಡೆಯ ತಪ್ಪನ್ನೂ ಹೇಳದೆ ಬಿಟ್ಟರೆ ನ್ಯಾಯವಲ್ಲ. ಸರ್ವೆಯವರು ಬರುತ್ತಾರೆಂದು ಹಿಂದಿನ ರಾತ್ರಿ ಕಲ್ಲು ಕಿತ್ತು ಆಚೆಗೆ ನೆಡುವವರು ನಮ್ಮಲ್ಲೇ ಇದ್ದಾರೆ. ಕೇಳದೆ ಇದ್ದರೂ ಜೇಬಿಗೆ ತುರುಕುವವರೂ ಇದ್ದಾರೆ. ಹತ್ತು ಜನ ಹೊಸಬರಲ್ಲಿ ಒಂಬತ್ತು ಜನರನ್ನು ಕೆಡಿಸಿದ್ದು ಮೊದಲ ವರ್ಷ ನಾವೇ ಕೊಟ್ಟ ಕೋಳಿ ಸಾರು, ಪೆಟ್ರೋಲಿನ ದುಡ್ಡು ಎಂದು ನನಗೆ ಅನ್ನಿಸುತ್ತದೆ. ಕಲ್ಲು, ಅಗೆಯಲು ಆಳು ಅರ್ಜಿದಾರ ಒದಗಿಸುವುದು ರೂಢಿ. ಅದನ್ನು ಮಾಡಿ. ಅರ್ಜಿಯ ಶುಲ್ಕವನ್ನು ಕಚೇರಿಯಲ್ಲಿ ಕಟ್ಟಿ ರಸೀತಿ ಪಡೆಯಿರಿ. ಅದಕ್ಕಿಂತ ಹೆಚ್ಚಿಗೆ ಒಂದು ಕಾಸೂ ಯಾರ ಕೈಗೂ ಕೊಡಬೇಕಾಗಿಲ್ಲ. ಎಲ್ಲೆಕಲ್ಲುಗಳನ್ನು ಕಾಪಾಡುವ ಹೊಣೆ 1964ರ ಭೂಕಂದಾಯ ಕಾಯಿದೆಯ ಪ್ರಕಾರ ಹಿಡುವಳಿದಾರನದೇ. ಅವನ್ನು ಕೀಳುವುದು, ಒಡೆಯುವುದು ಶಿಕ್ಷೆಗೆ ಗುರಿಯಾಗುವ ಅಪರಾಧ.

ಅಳತೆ ಸರಿ ಕಾಣದಿದ್ದರೆ ಜಗಳ ಬೇಡ. ನಿಮ್ಮ ತಕರಾರನ್ನು ಮಹಜರಿನಲ್ಲಿಯೇ ಬರೆಸಿ. ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರಿಗೆ, ಅಂದರೆ ಎ.ಡಿ.ಎಲ್.ಆರ್. ಅವರಿಗೆ, ಬರವಣಿಗೆಯಲ್ಲಿ ಕೊಡಿ. ಅಲ್ಲಿಯೂ ಸಮಾಧಾನವಾಗದಿದ್ದರೆ ಜಿಲ್ಲೆಯಲ್ಲಿ ಡಿ.ಡಿ.ಎಲ್.ಆರ್. ಅವರಿದ್ದಾರೆ.

ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರ ಬಳಿ ಹೋಗಬಹುದು. ಮೊದಲೇ ತಿಳಿಸಿದರೆ ಅವರು ನೋಟುಗಳಿಗೆ ಪುಡಿ ಹಚ್ಚಿ ಕೊಡುತ್ತಾರೆ. ಮುಟ್ಟಿದವರ ಕೈಯನ್ನು ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದರಲ್ಲಿ ಒಂದು ಸೂಕ್ಷ್ಮ ಉಂಟು. 1988ರ ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಕೊಟ್ಟವನೂ ತಪ್ಪಿತಸ್ಥನೇ. ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನದೊಳಗೆ ಪೊಲೀಸರಿಗೋ ಲೋಕಾಯುಕ್ತಕ್ಕೋ ತಿಳಿಸಿದರೆ ಮಾತ್ರ ಅವನಿಗೆ ರಕ್ಷಣೆ. “ಹೋದ ವರ್ಷ ಕೊಟ್ಟಿದ್ದೆ ಸ್ವಾಮಿ” ಎಂದು ಈಗ ನನ್ನ ಹತ್ತಿರ ಹೇಳಿಕೊಳ್ಳುವವರು ಈ ಏಳು ದಿನವನ್ನು ನೆನಪಿಡಬೇಕು.

ಮುಂಗಾರು ಹದ ಬೀಳಲು ಇನ್ನೂ ದಿನಗಳಿವೆ. ಹೊಲದಲ್ಲಿ ಪೈರಿಲ್ಲದ ಈ ಹೊತ್ತಿನಲ್ಲೇ ಕಲ್ಲು ಹುಡುಕುವುದು ಸುಲಭ. ಒಂದು ದಿನ ಬೆಳಿಗ್ಗೆ ಪಕ್ಕದ ಹೊಲದವರನ್ನೂ ಕರೆದುಕೊಂಡು ನಿಮ್ಮ ನಂಬರಿನ ಸುತ್ತ ಒಂದು ಸುತ್ತು ಬನ್ನಿ. ಲಂಟಾನ ಪೊದೆ ಸವರಿ, ಮಣ್ಣು ಮುಚ್ಚಿದ ಕಲ್ಲಿದ್ದರೆ ಬಿಡಿಸಿ, ಸುಣ್ಣ ಬಳಿಯಿರಿ. ಕಲ್ಲು ಕಾಣದ ಮೂಲೆ ಇದ್ದರೆ ನೀವೇ ಅಂದಾಜಿನಲ್ಲಿ ನೆಡಬೇಡಿ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡಿ. ಪಹಣಿಯ ಜೊತೆಗೆ ಟಿಪ್ಪಣಿ, ಆಕಾರ್‌ಬಂದುಗಳ ನಕಲನ್ನೂ ಪಡೆದು ಮನೆಯಲ್ಲಿಟ್ಟುಕೊಳ್ಳಿ. ಅಳತೆಯ ದಿನ ಅದು ನಿಮ್ಮ ಕೈಯಲ್ಲಿಯೂ ಇರಲಿ.